ಮೂಲಂಪಿಳ್ಳಿಯವರ ಹೊಸ ಮನೆ

ಹೊಸ ಮನೆಗೆ ಮಾಡ್ಯುಲರ್ ಕಿಚನ್ ಬೇಕಾ, ಇಟಾಲಿಯನ್ ಮಾರ್ಬಲ್ ಬೇಕಾ ಅಂತ ಎಕ್ಸೆಲ್ ಶೀಟ್ ಹಿಡಿದು ಕೂತಿರೋರು ಇವತ್ತು ಕೊಚ್ಚಿಯ ಈ ಕಥೆ ಕೇಳಿ.

ವಲ್ಲಾರ್ಪಾಡಂ ದ್ವೀಪದ ಕಂಟೇನರ್ ಟರ್ಮಿನಲ್ ಉದ್ಘಾಟನೆ ಆಗಿದ್ದು 2011ರ ಫೆಬ್ರವರಿಯಲ್ಲಿ. ಅದಕ್ಕೆ ರಸ್ತೆ, ರೈಲು ಬೇಕಿತ್ತಲ್ಲ, ಅದಕ್ಕಾಗಿ 2008ರ ಫೆಬ್ರವರಿ 6ರಂದು ಹತ್ತಿರದ ಮೂಲಂಪಿಳ್ಳಿಯಲ್ಲಿ ಮನೆಗಳನ್ನು ಕೆಡವಿದರು. ಯೋಜನೆಯಿಂದ ಒಟ್ಟು 316 ಕುಟುಂಬ ಮನೆ ಕಳೆದುಕೊಂಡವು. ಗಲಾಟೆ ಜೋರಾದ ಮೇಲೆ, ಮಾರ್ಚ್‌ನಲ್ಲಿ ಪುನರ್ವಸತಿ ಪ್ಯಾಕೇಜ್ ಬಂತು: ಸೈಟು, ಕುಟುಂಬಕ್ಕೊಂದು ಕೆಲಸ, ಮನೆ ಆಗೋ ತನಕ ಬಾಡಿಗೆ.

ತಕರಾರು ಇದ್ದಿದ್ದು ಸೈಟಿನಲ್ಲೇ. ಒಂದು ಜಾಗ ಕಾಕ್ಕನಾಡಿನ ತುತಿಯೂರು. ನಿಮ್ಮಲ್ಲಿ ಕೆಲವರು ದಿನಾ ಹೋಗೋ ಇನ್ಫೋಪಾರ್ಕಿಗೆ ಅಲ್ಲಿಂದ ಕೆಲವೇ ಕಿಲೋಮೀಟರ್. ಜೌಗು ನೆಲಕ್ಕೆ ಮಣ್ಣು ತುಂಬಿಸಿದ ಸೈಟುಗಳು. ಹೀಗೆ ತುಂಬಿಸಿದ ಮಣ್ಣಿನ ಭಾರಕ್ಕೆ ಕೆಳಗಿನ ಮೆದು ಜೇಡಿಯಿಂದ ನೀರು ಹಿಂಡಿ ಹೋಗ್ತಾ, ನೆಲ ವರ್ಷಗಟ್ಟಲೆ ಕುಸೀತಾ ಇರುತ್ತೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ, ಒಂದು ಮೂಲೆ ಹೆಚ್ಚು, ಇನ್ನೊಂದು ಕಮ್ಮಿ. ಗಟ್ಟಿ ಪದರ ಸಿಗೋ ತನಕ ಪೈಲ್ ಇಳಿಸದೆ ಬೇರೆ ದಾರಿ ಇಲ್ಲ. ಅದನ್ನ ‘ಅಪ್‌ಗ್ರೇಡ್’ ಅನ್ನೋದೇ ತಪ್ಪು. ಪೈಲಿಂಗಿಗೆ ಅಂತ ಕೊಟ್ಟಿದ್ದು 75,000 ರೂಪಾಯಿ.

ಕಟ್ಟಿದ ಮನೆಗಳಲ್ಲಿ ಕೆಲವು ವಾಲಿದವು, ಗೋಡೆ ಬಿರುಕು ಬಿಟ್ಟವು. ಟೈಲ್ಸು, ವಾರ್ಡ್‌ರೋಬು ಹತ್ತು ವರ್ಷ ಬಿಟ್ಟೂ ಹಾಕಿಸಬಹುದು ಸ್ವಾಮಿ. ವಾಲಿದ ಮನೆ ಅಡಿಗೆ ಆಮೇಲೆ ಪೈಲ್ ಹಾಕೋಕೆ ಹೊರಟರೆ ಖರ್ಚು ಕೈಮೀರುತ್ತೆ. ಇದನ್ನ ನೋಡಿದ ಎಷ್ಟೋ ಕುಟುಂಬಗಳು ಸೈಟು ಕೈಯಲ್ಲಿದ್ದರೂ ಕಟ್ಟಲಿಲ್ಲ, ಟರ್ಮಿನಲ್ಲಿಗೆ ಹಡಗು ಬರೋಕೆ ಶುರುವಾಗಿ ವರ್ಷಗಳಾದರೂ ಬಾಡಿಗೆ ಮನೆಯಲ್ಲೇ ಇದ್ದರು.