ಸತ್ಯಂ ಹಿಂದುಮುಂದಾದರೆ ಮೇಟಾಸ್

2008ರ ಡಿಸೆಂಬರ್ 16, ಮಂಗಳವಾರ ಸಂಜೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಒಂದು ತೀರ್ಮಾನ ಪ್ರಕಟಿಸಿತು. ಮೇಟಾಸ್ ಪ್ರಾಪರ್ಟೀಸ್ ಎಂಬ ರಿಯಲ್ ಎಸ್ಟೇಟ್ ಕಂಪನಿಯನ್ನು ಇಡಿಯಾಗಿ 130 ಕೋಟಿ ಡಾಲರಿಗೆ ಕೊಳ್ಳುವುದು. ಮೇಟಾಸ್ ಇನ್‌ಫ್ರಾದ 51 ಪಾಲನ್ನು 30 ಕೋಟಿ ಡಾಲರಿಗೆ ಕೊಳ್ಳುವುದು. ಎರಡೂ ಕಂಪನಿಗಳನ್ನು ನಡೆಸುತ್ತಿದ್ದವರು ಸತ್ಯಂ ಸ್ಥಾಪಕ ಬಿ. ರಾಮಲಿಂಗ ರಾಜು ಅವರ ಮಕ್ಕಳು. ಅಂದರೆ ಸಾಫ್ಟ್‌ವೇರ್ ಬರೆದು ಗಳಿಸಿದ ಸಾರ್ವಜನಿಕ ಕಂಪನಿಯ ಹಣ, ಮನೆಯವರ ಜಮೀನಿಗೆ ಹೋಗಬೇಕು. ಆ ರಾತ್ರಿ ನ್ಯೂಯಾರ್ಕಿನಲ್ಲಿ ಸತ್ಯಂ ಷೇರು ಅರ್ಧಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡಿತು. ಇಲ್ಲಿ ಬೆಳಗಾಗುವಷ್ಟರಲ್ಲಿ ಪ್ರಸ್ತಾವವನ್ನು ಕೈಬಿಟ್ಟಿದ್ದಾಯಿತು. ಆದರೂ ಮರುದಿನ ಮುಂಬಯಿ ಪೇಟೆಯಲ್ಲಿ ಷೇರು ಶೇಕಡಾ 30ರಷ್ಟು ಕುಸಿಯಿತು.

ಹೆಸರಿನ ಬಗ್ಗೆ ಒಂದು ಮಾತು. ಮೇಟಾಸ್ ಎಂದರೆ ರೋಮನ್ ಲಿಪಿಯ ಸತ್ಯಂ ಅನ್ನು ಹಿಂದಿನಿಂದ ಬರೆದದ್ದು. ಈ ಆಟ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ತೆಲುಗಿನಲ್ಲೋ ಕನ್ನಡದಲ್ಲೋ ಸತ್ಯವನ್ನು ತಿರುಗಿಸಹೊರಟರೆ ಮೊದಲಿಗೇ ಅನುಸ್ವಾರ ಬಂದು ಕೂರುತ್ತದೆ, ಬಾಯಿ ತೆರೆಯುವುದೇ ಕಷ್ಟ. ಭಾಷಾಶಾಸ್ತ್ರ ಓದಿದವರ ಚಟ ಎಂದು ಇದನ್ನು ಕ್ಷಮಿಸಿ. ಆದರೆ ಹೈದರಾಬಾದಿನ ಜಮೀನಿನ ಕತೆಯನ್ನು ಅದರ ಮಾತುಗಳಿಂದಲೇ ಹಿಡಿಯುವುದು ಸುಲಭ. ಬೆಂಗಳೂರಿನವರು ಸೈಟನ್ನು ಚದರಡಿಯಲ್ಲಿ ಅಳೆದರೆ ಇಲ್ಲಿನವರು ಗಜದಲ್ಲಿ ಅಳೆಯುತ್ತಾರೆ. ನಮ್ಮ ‘ಲೇಔಟ್’ ಇವರಿಗೆ ‘ವೆಂಚರ್’. ಊರ ಹೊರಗಿನ ಹೊಲದಲ್ಲಿ ಬಣ್ಣ ಬಳಿದ ಕಲ್ಲು ನೆಟ್ಟು, ಕಮಾನು ಕಟ್ಟಿದರೆ ಅದು ವೆಂಚರ್. ಉದ್ಯಮ, ಸಾಹಸ ಎಂಬ ಅರ್ಥದ ಪದ ಇಲ್ಲಿ ನಿವೇಶನಗಳ ಸಾಲಿಗೆ ಹೆಸರಾಗಿರುವುದು ಸುಮ್ಮನೆ ಅಲ್ಲ. ಈ ಊರಿನಲ್ಲಿ ಯಾವ ದಂಧೆಯಲ್ಲಿ ದುಡ್ಡು ಬಂದರೂ ಕೊನೆಗೆ ಅದು ಗಜಕ್ಕೆ ಇಳಿಯುತ್ತದೆ.

ಸತ್ಯಂ ಹುಟ್ಟಿದ್ದು 1987ರಲ್ಲಿ, ಷೇರುಪೇಟೆಗೆ ಬಂದದ್ದು 90ರ ದಶಕದ ಆರಂಭದಲ್ಲಿ, ನ್ಯೂಯಾರ್ಕ್ ಪೇಟೆಗೆ ಹೋದದ್ದು 2001ರಲ್ಲಿ. ಅಷ್ಟರಲ್ಲಿ ಮಾದಾಪುರ, ಗಚ್ಚಿಬೌಲಿಯ ಬಂಡೆಗಳ ನಡುವೆ ಹೈಟೆಕ್ ಸಿಟಿ ಎದ್ದಿತ್ತು. 158 ಕಿಲೋಮೀಟರಿನ ಹೊರವರ್ತುಲ ರಸ್ತೆಯ ನಕ್ಷೆ ಬಂತು. ಆ ರಸ್ತೆ ಎಲ್ಲಿ ಬಾಗುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಮೊದಲೇ ಗೊತ್ತಿದ್ದವರ ಭಾಗ್ಯವೇ ಭಾಗ್ಯ. 2006ರ ಜುಲೈನಲ್ಲಿ ಕೋಕಾಪೇಟೆಯಲ್ಲಿ ಸರ್ಕಾರಿ ಜಮೀನು ಹರಾಜಾದಾಗ ಎಕರೆಗೆ 14.45 ಕೋಟಿ ರೂಪಾಯಿವರೆಗೆ ಕೂಗು ಹೋಯಿತು. ರಾಜು ಕುಟುಂಬ ಜಮೀನು ಕೊಂಡದ್ದು ಈ ಕಾಲದಲ್ಲಿ, ಮತ್ತು ಸಾವಿರಾರು ಎಕರೆ. ಆದರೆ ಆಂಧ್ರದ 1973ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಒಣಭೂಮಿಗೂ 54 ಎಕರೆಯ ಮೇಲೆ ಮಿತಿ. ಹಾಗಾಗಿ ಕಂಪನಿಗಳ ಮೇಲೆ ಕಂಪನಿ. ತನಿಖೆಯವರು ಎಣಿಸಿದಾಗ 327 ಸಂಸ್ಥೆಗಳು ಸಿಕ್ಕವು. ಒಂದೊಂದರ ಹೆಸರಲ್ಲಿ ಒಂದಷ್ಟು ಎಕರೆ.

ಮೇಟಾಸ್ ಇನ್‌ಫ್ರಾ ಷೇರುಪೇಟೆಗೆ ಬಂದದ್ದು 2007ರ ಅಕ್ಟೋಬರಿನಲ್ಲಿ. ಅದರ ಮುಂದಾಳತ್ವದ ಕೂಟ 2008ರಲ್ಲಿ ಹೈದರಾಬಾದ್ ಮೆಟ್ರೋ ಗುತ್ತಿಗೆ ಗೆದ್ದ ರೀತಿ ಇನ್ನೂ ಸೊಗಸು. ಬೇರೆ ಊರುಗಳಲ್ಲಿ ಮೆಟ್ರೋ ಕಟ್ಟುವವರು ಸರ್ಕಾರದ ಹತ್ತಿರ ಹಣ ಕೇಳುತ್ತಾರೆ. ಇವರು ತಾವೇ ಸರ್ಕಾರಕ್ಕೆ ದಶಕಗಳ ಅವಧಿಯಲ್ಲಿ 30,311 ಕೋಟಿ ಕೊಡುತ್ತೇವೆ ಎಂದರು. ದೆಹಲಿ ಮೆಟ್ರೋದ ಇ. ಶ್ರೀಧರನ್ ಅವರಿಗೆ ಇದು ಸರಿಬರಲಿಲ್ಲ. ರೈಲಿನ ನೆಪದಲ್ಲಿ ಜಮೀನಿನ ಬೆಲೆ ಏರಿಸುವ ಹುನ್ನಾರ ಇರಬಹುದು ಎಂಬ ಅರ್ಥದಲ್ಲಿ ಯೋಜನಾ ಆಯೋಗಕ್ಕೆ ಬರೆದರು. ರಾಜ್ಯ ಸರ್ಕಾರ ಸಿಟ್ಟಾಯಿತು. ಅವರು ಬರೆದದ್ದು ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ಸತ್ಯಂಗೆ ಒಳ್ಳೆಯ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂತು.

ಸಣ್ಣ ಹೂಡಿಕೆದಾರ ಎಂದರೆ ಯಾರು ಎಂದು ಇಲ್ಲಿ ನಿಲ್ಲಿಸಿ ಹೇಳಬೇಕು. ಹೈದರಾಬಾದಿಗೆ ತನ್ನದೇ ಷೇರು ವಿನಿಮಯ ಕೇಂದ್ರವಿತ್ತು, 1940ರ ದಶಕದ್ದು. ತನ್ನ ಬಂಡವಾಳದ ಶೇಕಡಾ 51ರಷ್ಟನ್ನು ದಲ್ಲಾಳಿಗಳಲ್ಲದವರಿಗೆ ಬಿಟ್ಟುಕೊಡಲಾಗದೆ 2007ರ ಆಗಸ್ಟಿನಲ್ಲಿ ಅದು ಮಾನ್ಯತೆ ಕಳೆದುಕೊಂಡಿತು. ಆ ಹೊತ್ತಿಗಾಗಲೇ ಜನ ದಲ್ಲಾಳಿ ಕಚೇರಿಗಳ ಪರದೆಗೆ, ಮನೆಯ ಕಂಪ್ಯೂಟರಿಗೆ ಹೋಗಿದ್ದರು. ನಿವೃತ್ತ ನೌಕರರು, ಬ್ಯಾಂಕಿನವರು, ಮಗನಿಗೆ ಸಾಫ್ಟ್‌ವೇರ್ ಕೆಲಸ ಸಿಕ್ಕ ಖುಷಿಗೆ ಅದೇ ಕಂಪನಿಯ ಐವತ್ತು ಷೇರು ಕೊಂಡ ಅಪ್ಪಂದಿರು. 2006ರಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿದ್ದ ಕಂಪನಿ ಅದು. ಅವರಿಗೆ ಸತ್ಯಂ ಎಂದರೆ ಜಮೀನು ಕೊಳ್ಳಲಾಗದವನ ಜಮೀನು.

ಆದ್ದರಿಂದಲೇ ಆ ಡಿಸೆಂಬರಿನ ಸಿಟ್ಟು ಅರ್ಥವಾಗುತ್ತದೆ. 2008ರ ಕೊನೆಗೆ ಜಗತ್ತಿನಾದ್ಯಂತ ಮನೆ, ಜಮೀನಿನ ವ್ಯಾಪಾರ ನೆಲಕಚ್ಚಿತ್ತು. ಲೀಮನ್ ಬ್ರದರ್ಸ್ ಮುಳುಗಿ ಮೂರು ತಿಂಗಳು. ಅಂಥ ಹೊತ್ತಿನಲ್ಲಿ ಕೈಯಲ್ಲಿದ್ದ ನಗದನ್ನೆಲ್ಲ ಕೊಟ್ಟು ರಿಯಲ್ ಎಸ್ಟೇಟ್ ಕೊಳ್ಳುವ ಸಾಫ್ಟ್‌ವೇರ್ ಕಂಪನಿ ಯಾವುದು? ರಾಜು ಕುಟುಂಬದ ಕೈಯಲ್ಲಿ ಆಗ ಉಳಿದಿದ್ದ ಸತ್ಯಂ ಪಾಲು ಶೇಕಡಾ 9ಕ್ಕಿಂತ ಕಡಿಮೆ. ಅದೂ ಸಾಲಕ್ಕೆ ಅಡವಾಗಿತ್ತು. ಬೆಲೆ ಬಿದ್ದಂತೆಲ್ಲ ಸಾಲ ಕೊಟ್ಟವರು ಆ ಷೇರುಗಳನ್ನು ಮಾರತೊಡಗಿದರು. ಸ್ವತಂತ್ರ ನಿರ್ದೇಶಕರು ಒಬ್ಬೊಬ್ಬರಾಗಿ ಹೊರಟರು. ಅವರಲ್ಲಿ ಹೈದರಾಬಾದಿನ ಐಎಸ್‌ಬಿಯ ಡೀನ್ ಎಂ. ರಾಮಮೋಹನ ರಾವ್ ಕೂಡ ಒಬ್ಬರು. ಡಿಸೆಂಬರ್ 16ರಂದು ಒಪ್ಪಿದ ಮಂಡಳಿಯಲ್ಲಿ ಇವರೆಲ್ಲ ಇದ್ದರು ಎಂಬುದನ್ನು ಜನ ಮರೆಯಲಿಲ್ಲ.

ಪ್ರಸ್ತಾವ ಬಿದ್ದದ್ದು ದೊಡ್ಡ ವಿದೇಶಿ ಫಂಡುಗಳ ಗದ್ದಲದಿಂದ, ಸಣ್ಣವರ ಕೂಗಿನಿಂದಲ್ಲ. ಆದರೆ ಬಿದ್ದದ್ದರಿಂದ ಏನಾಯಿತೆಂದು ಗೊತ್ತಾದದ್ದು 2009ರ ಜನವರಿ 7ರಂದು, ರಾಜು ಬರೆದ ಪತ್ರದಲ್ಲಿ. ಪುಸ್ತಕದಲ್ಲಿ 5,361 ಕೋಟಿ ನಗದು ಎಂದಿತ್ತು. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಬಂದಿರಬೇಕಾದ 376 ಕೋಟಿ ಬಡ್ಡಿಯೂ ಇಲ್ಲ, ಯಾಕೆಂದರೆ ಬಡ್ಡಿ ಹುಟ್ಟಲು ಠೇವಣಿ ಇರಬೇಕಲ್ಲ. ತೋರಿಸದ ಸಾಲ 1,230 ಕೋಟಿ. ಆ ತ್ರೈಮಾಸಿಕದಲ್ಲಿ ಶೇಕಡಾ 24 ಎಂದು ತೋರಿಸಿದ ಲಾಭಾಂಶ ನಿಜಕ್ಕೂ ಶೇಕಡಾ 3. ಮೇಟಾಸ್ ವ್ಯವಹಾರ ಈ ಗುಂಡಿ ಮುಚ್ಚುವ ಕೊನೆಯ ಪ್ರಯತ್ನ ಎಂದು ಅವರೇ ಬರೆದರು. ಇಲ್ಲದ ನಗದನ್ನು ಕೊಟ್ಟಂತೆ ಮಾಡಿ ಇರುವ ಜಮೀನನ್ನು ಪುಸ್ತಕಕ್ಕೆ ತಂದರೆ ಲೆಕ್ಕ ಸರಿಹೋಗುತ್ತದೆ. ಮನೆಯವರಿಗೆ ಕೊಡಬೇಕಾದ ಹಣವನ್ನು ನಿಧಾನಕ್ಕೆ ನೋಡಿಕೊಳ್ಳಬಹುದು. ಪತ್ರದಲ್ಲಿ ಇಲ್ಲದ ಆಸ್ತಿಗೆ ಬಳಸಿದ ಇಂಗ್ಲಿಷ್ ಪದಕ್ಕೆ ನಮ್ಮ ಲೆಕ್ಕಶಾಸ್ತ್ರದ ಪುಸ್ತಕಗಳು ‘ಕಾಲ್ಪನಿಕ ಆಸ್ತಿ’ ಎನ್ನುತ್ತವೆ. ಅಲ್ಲಿ ಅದು ಕಂಪನಿ ಶುರುಮಾಡುವಾಗಿನ ಖರ್ಚಿನಂಥ ಸಾಧು ಬಾಬತ್ತು. ಅನುವಾದದಲ್ಲಿ ಆ ಪದ ಬಂದಾಗಲೆಲ್ಲ ನನಗೆ ಈ ಪತ್ರವೇ ನೆನಪಾಗುತ್ತದೆ.

ಆ ದಿನ ಷೇರು 179ರಿಂದ 40ಕ್ಕೆ ಇಳಿಯಿತು. ಮರುದಿನ ಮೊಹರಂ, ಪೇಟೆಗೆ ರಜೆ. ಹಳೇ ಊರಿನಲ್ಲಿ ಬೀಬಿ ಕಾ ಆಲಂ ಮೆರವಣಿಗೆ ಹೊರಡುವ ದಿನ ಷೇರಿದ್ದವರಿಗೆ ಮಾರುವುದಕ್ಕೂ ಆಗದ ಒಂದು ಹಗಲು ಸಿಕ್ಕಿತು. 9ರಂದು ಎನ್‌ಎಸ್‌ಇಯಲ್ಲಿ ಒಂದು ಹಂತದಲ್ಲಿ ಬೆಲೆ 6.30 ರೂಪಾಯಿ ಮುಟ್ಟಿ, ಆಮೇಲೆ 24ರ ಆಸುಪಾಸಿಗೆ ಬಂತು. ಬಹುಪಾಲು ಸಣ್ಣವರು ಮಾರಿದ್ದು ಈ ದಿನಗಳಲ್ಲೇ ಎಂದು ಊಹಿಸುವುದು ಕಷ್ಟವಲ್ಲ.

ಇನ್ನು ತೆರಿಗೆಯ ಮಾತು. ಸತ್ಯಂ ಹಗರಣದ ಬಗ್ಗೆ ಬಂದ ಬರಹಗಳು ಇದನ್ನು ಹೆಚ್ಚಾಗಿ ದಾಟಿಕೊಂಡೇ ಹೋಗುತ್ತವೆ. ನನಗೆ ಇದೇ ಕತೆಯ ನಡುಗಂಬ ಅನ್ನಿಸುತ್ತದೆ.

ಮಾರಿದವನ ತೆರಿಗೆಯಿಂದ ಶುರುಮಾಡೋಣ. 2004ರ ಅಕ್ಟೋಬರಿನಿಂದ, ಷೇರನ್ನು ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ವಿನಿಮಯ ಕೇಂದ್ರದಲ್ಲಿ ಮಾರಿದರೆ ಲಾಭಕ್ಕೆ ತೆರಿಗೆ ಇರಲಿಲ್ಲ. ಎಲ್ಲರೂ ಖುಷಿಪಟ್ಟ ರಿಯಾಯಿತಿ ಇದು. ಆದರೆ ಲಾಭಕ್ಕೆ ತೆರಿಗೆ ಇಲ್ಲದ ಮೇಲೆ ನಷ್ಟವೂ ಲೆಕ್ಕಕ್ಕೆ ಬರುವುದಿಲ್ಲ. 400 ರೂಪಾಯಿಗೆ ಕೊಂಡು, ನಂಬಿಕೆಯಿಂದ ಎರಡು ವರ್ಷ ಇಟ್ಟುಕೊಂಡು, 24ಕ್ಕೆ ಮಾರಿದವನ ನಷ್ಟವನ್ನು ಕಾನೂನು ನೋಡಲಿಲ್ಲ. ಪಕ್ಕದ ಮನೆಯವನು ನವೆಂಬರಿನಲ್ಲಿ ಜೂಜಿಗೆಂದು ಕೊಂಡು ಜನವರಿಯಲ್ಲಿ ಮಾರಿದ್ದರೆ ಅದು ಅಲ್ಪಾವಧಿ ನಷ್ಟ. ಅವನು ಅದನ್ನು ಬೇರೆ ಬಂಡವಾಳ ಲಾಭದಲ್ಲಿ, ಒಂದು ಸೈಟು ಮಾರಿದ ಲಾಭದಲ್ಲೂ, ಕಳೆಯಬಹುದಿತ್ತು. ತಾಳ್ಮೆಯಿದ್ದವನಿಗೇ ಹೊಡೆತ. ಸೈಟಿದ್ದವನಿಗೆ ಷೇರಿನ ನಷ್ಟವೂ ಒಂದು ಉಪಯೋಗದ ವಸ್ತು. ಇದು 2018ರಲ್ಲಿ ಬದಲಾಯಿತು. ದೀರ್ಘಾವಧಿ ಲಾಭಕ್ಕೆ ತೆರಿಗೆ ಮರಳಿ ಬಂತು, ಜೊತೆಗೆ ನಷ್ಟಕ್ಕೂ ಬೆಲೆ ಬಂತು. 2024ರ ಜುಲೈ ಬಜೆಟ್‌ನಲ್ಲಿ ಆಸ್ತಿ ಮಾರಾಟಕ್ಕಿದ್ದ ಹಣದುಬ್ಬರದ ಹೊಂದಾಣಿಕೆಯನ್ನು ತೆಗೆದಾಗ ಎದ್ದ ಗಲಾಟೆ ನಿಮಗೆ ನೆನಪಿರಬಹುದು. ಎರಡೇ ವಾರದಲ್ಲಿ ಸರ್ಕಾರ ಹಳೆಯ ಆಸ್ತಿಗಳಿಗೆ ಎರಡರಲ್ಲಿ ಒಂದನ್ನು ಆಯ್ದುಕೊಳ್ಳುವ ಅವಕಾಶ ಕೊಟ್ಟಿತು. ಸತ್ಯಂ ಷೇರು ಕಳೆದುಕೊಂಡವರಿಗಾಗಿ ಅಂಥ ತಿದ್ದುಪಡಿ ಯಾರೂ ತರಲಿಲ್ಲ.

ಮಾರದೆ ಉಳಿದವರ ಆತಂಕ ಬೇರೆ. ಕಂಪನಿ ವರ್ಷಗಟ್ಟಲೆ ಇಲ್ಲದ ಆದಾಯ ತೋರಿಸಿತ್ತು. ನಿಜ ತಿಳಿದ ಮೇಲೆ ಹೊಸ ಆಡಳಿತ ಹೇಳಿತು: ಆದಾಯವೇ ಇರಲಿಲ್ಲ, ತೆರಿಗೆ ಎಲ್ಲಿಯದು? ಇಲಾಖೆಯ ನಿಲುವು: ಲೆಕ್ಕಪತ್ರ ನಿಮ್ಮದು, ಸಹಿ ನಿಮ್ಮದು, ಈಗ ಸುಳ್ಳು ಎಂದರೆ ಆಗದು. 2011ರಲ್ಲಿ ನೇರ ತೆರಿಗೆ ಮಂಡಳಿ ಕಂಪನಿಯ ಮನವಿಯನ್ನು ತಳ್ಳಿಹಾಕಿತು. ಬೇಡಿಕೆ ಎರಡು ಸಾವಿರ ಕೋಟಿ ಮೀರಿತು. ಅಂದರೆ ಮೋಸಹೋದ ಷೇರುದಾರರೇ ಆ ಮೋಸದ ಆದಾಯಕ್ಕೆ ತೆರಿಗೆ ಕಟ್ಟಬೇಕು, ಯಾಕೆಂದರೆ ಕಂಪನಿ ಎಂದರೆ ಈಗ ಅವರೇ. ಪ್ರತಿ ತ್ರೈಮಾಸಿಕ ಫಲಿತಾಂಶದ ಅಡಿಟಿಪ್ಪಣಿಯಲ್ಲಿ ಈ ಅಂಕಿ ಕೂತಿರುತ್ತಿತ್ತು.

ಆ ಹೊತ್ತಿಗೆ ಕಂಪನಿ ಮಹೀಂದ್ರ ಕೈಯಲ್ಲಿತ್ತು. ಸರ್ಕಾರ ನೇಮಿಸಿದ ಮಂಡಳಿ, ದೀಪಕ್ ಪಾರೇಖ್, ಕಿರಣ್ ಕಾರ್ಣಿಕ್ ಮುಂತಾದವರು, ನೂರು ದಿನದೊಳಗೆ ಹರಾಜು ನಡೆಸಿ, 2009ರ ಏಪ್ರಿಲ್ 13ರಂದು ಟೆಕ್ ಮಹೀಂದ್ರಕ್ಕೆ ಷೇರಿಗೆ 58 ರೂಪಾಯಿಯಂತೆ ಒಪ್ಪಿಸಿತು. ಅಮೆರಿಕದಲ್ಲಿ ಷೇರು ಹೊಂದಿದ್ದವರು ಒಟ್ಟಾಗಿ ದಾವೆ ಹೂಡಿ ಕಂಪನಿಯಿಂದ 12.5 ಕೋಟಿ ಡಾಲರ್, ಲೆಕ್ಕಪರಿಶೋಧಕರಿಂದ 2.55 ಕೋಟಿ ಡಾಲರ್ ಪಡೆದರು. ಅದೇ ಕಂಪನಿಯ ಅದೇ ಷೇರು, ಕೊಂಡದ್ದು ಮುಂಬಯಿ ಪೇಟೆಯಲ್ಲಿ ಎಂಬ ಕಾರಣಕ್ಕೆ ಇಲ್ಲಿನವರಿಗೆ ಏನೂ ಇಲ್ಲ. ಮೈಡಾಸ್ ಟಚ್ ಎಂಬ ಹೂಡಿಕೆದಾರರ ಸಂಘ ಸುಮಾರು ಮೂರು ಲಕ್ಷ ಜನರ ಪರವಾಗಿ ಗ್ರಾಹಕ ಆಯೋಗಕ್ಕೆ ಹೋಯಿತು. ಸುಪ್ರೀಂ ಕೋರ್ಟಿನಲ್ಲೂ ಫಲ ಸಿಗಲಿಲ್ಲ. ಸಾಮೂಹಿಕ ದಾವೆಯ ಅವಕಾಶ 2013ರ ಕಂಪನಿ ಕಾಯ್ದೆಯಲ್ಲಿ ಬಂತು, ಜಾರಿಯಾದದ್ದು 2016ರಲ್ಲಿ. ರಾಜು ಮತ್ತಿತರರಿಗೆ 2015ರ ಏಪ್ರಿಲಿನಲ್ಲಿ ವಿಶೇಷ ನ್ಯಾಯಾಲಯ ಏಳು ವರ್ಷ ಶಿಕ್ಷೆ ಕೊಟ್ಟಿತು; ಮೇಲ್ಮನವಿಯ ಮೇಲೆ ಮುಂದಿನ ತಿಂಗಳೇ ಜಾಮೀನಾಯಿತು.

ಬಿಡದೆ ಹಿಡಿದುಕೊಂಡವರಿಗೆ 2013ರ ವಿಲೀನದಲ್ಲಿ 17 ಸತ್ಯಂ ಷೇರಿಗೆ 2 ಟೆಕ್ ಮಹೀಂದ್ರ ಷೇರು ಬಂದವು. 2015ರ ಬೋನಸ್ ಮತ್ತು ವಿಭಜನೆಯ ನಂತರ ಆ ಎರಡು ಎಂಟಾದವು. ಕೆಲವರಿಗೆ ಅಸಲು ಬಂತು.

ಮೇಟಾಸ್‌ಗಳ ಗತಿ? ಮೆಟ್ರೋ ಗುತ್ತಿಗೆ 2009ರಲ್ಲಿ ರದ್ದಾಗಿ ಎಲ್ ಅಂಡ್ ಟಿಗೆ ಹೋಯಿತು. ಎರಡೂ ಕಂಪನಿಗಳು ಐಎಲ್ ಅಂಡ್ ಎಫ್‌ಎಸ್ ತೆಕ್ಕೆಗೆ ಬಿದ್ದವು. ಬಾಚುಪಲ್ಲಿ ಕಡೆಯ ಹಿಲ್ ಕೌಂಟಿಯಲ್ಲಿ ಮನೆಗೆ ಹಣ ಕಟ್ಟಿದವರು ವರ್ಷಗಟ್ಟಲೆ ಕಾದರು. 2018ರಲ್ಲಿ ಐಎಲ್ ಅಂಡ್ ಎಫ್‌ಎಸ್ ತಾನೇ ಕುಸಿಯಿತು. ಮರುವರ್ಷ ಇದೇ ಊರಿನ ದೊಡ್ಡ ದಲ್ಲಾಳಿ ಸಂಸ್ಥೆ ಕಾರ್ವಿಯ ಸರದಿ. 95 ಸಾವಿರಕ್ಕೂ ಹೆಚ್ಚು ಗ್ರಾಹಕರ 2,300 ಕೋಟಿ ಮೀರಿದ ಷೇರುಗಳನ್ನು ಅದು ತನ್ನ ಸಾಲಕ್ಕೆ ಅಡವಿಟ್ಟಿತ್ತು. 1,096 ಕೋಟಿ ರೂಪಾಯಿ ಕಾರ್ವಿ ರಿಯಾಲ್ಟಿಗೆ ಹೋಗಿದೆ ಎಂದು ಸೆಬಿ 2019ರ ನವೆಂಬರ್ ಆದೇಶದಲ್ಲಿ ದಾಖಲಿಸಿತು. ಮತ್ತೆ ಗಜಕ್ಕೇ. ಈ ಬಾರಿ ಮಾತ್ರ ಸಣ್ಣವರಲ್ಲಿ ಹೆಚ್ಚಿನವರ ಷೇರುಗಳು ಡಿಸೆಂಬರ್ ಮೊದಲ ವಾರದಲ್ಲೇ ಅವರವರ ಡಿಮ್ಯಾಟ್ ಖಾತೆಗೆ ಮರಳಿದವು. ಗೊಣಗಿದ್ದು ಸಾಲ ಕೊಟ್ಟ ಬ್ಯಾಂಕುಗಳು. ಕೋಕಾಪೇಟೆಯಲ್ಲಿ 2023ರ ಆಗಸ್ಟಿನ ಹರಾಜಿನಲ್ಲಿ ಎಕರೆಗೆ 100.75 ಕೋಟಿ ಬಂತು.

ಸತ್ಯಂ ತೆರಿಗೆಯ ವ್ಯಾಜ್ಯ 2025ರ ಆರಂಭದವರೆಗೂ ನಡೆಯಿತು. ತೆಲಂಗಾಣ ಹೈಕೋರ್ಟ್ ತೆರಿಗೆ ಮಂಡಳಿಯ 2011ರ ಆದೇಶವನ್ನು ರದ್ದುಮಾಡಿತು. ತೆರಿಗೆ ನಿಜವಾದ ಆದಾಯಕ್ಕೆ ಮಾತ್ರ, ಆರು ವರ್ಷಗಳ ಲೆಕ್ಕವನ್ನು ಹೊಸದಾಗಿ ಹಾಕಿ ಎಂದಿತು. ಅದರ ಪ್ರಯೋಜನ ಟೆಕ್ ಮಹೀಂದ್ರದ ಇಂದಿನ ಷೇರುದಾರರಿಗೆ. 2009ರ ಜನವರಿ 9ರಂದು 24ಕ್ಕೆ ಮಾರಿದವರು ಅವರಲ್ಲಿ ಇಲ್ಲ.