ಮೇನ್‌ಫ್ರೇಮ್ ಲಿನಕ್ಸ್‌ನಲ್ಲಿ ಡೇಟಾಬೇಸ್ ಮೆಮೊರಿಯ ಹೊಂದಾಣಿಕೆ

ಒಂದೇ ಮೇನ್‌ಫ್ರೇಮ್ ಯಂತ್ರವನ್ನು ಹಲವು ವರ್ಚುವಲ್ ಲಿನಕ್ಸ್ ಸರ್ವರ್‌ಗಳು ಹಂಚಿಕೊಂಡಿರುವಾಗ, ಅವುಗಳಲ್ಲಿ ನಡೆಯುವ ಡೇಟಾಬೇಸ್‌ಗೆ ಎಷ್ಟು ಮೆಮೊರಿ ಮೀಸಲಿಡಬೇಕು, ಯಾವ ರೂಪದಲ್ಲಿ ಕೊಡಬೇಕು ಎಂದು ನಿರ್ಧರಿಸುವ ಕೆಲಸ. ಡೇಟಾಬೇಸ್, ಲಿನಕ್ಸ್, ಅದರ ಕೆಳಗಿನ ಹೈಪರ್‌ವೈಸರ್ ಮೂರೂ ಮೆಮೊರಿಯ ಲೆಕ್ಕವನ್ನು ಬೇರೆಬೇರೆಯಾಗಿ ಇಡುತ್ತವೆ. ಈ ಲೆಕ್ಕಗಳನ್ನು ತಾಳೆ ಹಾಕುವ ಪ್ರಯತ್ನದಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾಲೂ ಇದೆ.

ಹಿನ್ನೆಲೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಆರಂಭವಾದ ಕಂಪ್ಯೂಟರ್ ಕೇಂದ್ರದ ಮೊದಲ ಯಂತ್ರ ಐಬಿಎಂ 360/44. ಆ ಮಾದರಿಗೆ ಅಳವಡಿಸಬಹುದಾಗಿದ್ದ ಗರಿಷ್ಠ ಮೆಮೊರಿ 256 ಕೆಬಿ. ಇದೇ ಸರಣಿಯ 360/67ರ ಮೇಲೆ ಐಬಿಎಂ 1967ರ ಹೊತ್ತಿಗೇ ಸಿಪಿ-67 ಎಂಬ ವ್ಯವಸ್ಥೆಯನ್ನು ನಡೆಸುತ್ತಿತ್ತು. ಅದು ಪ್ರತಿ ಬಳಕೆದಾರನಿಗೂ ಇಡೀ ಯಂತ್ರವೇ ತನ್ನದೆಂಬಂತೆ ತೋರಿಸಿ, ಮೆಮೊರಿಯಲ್ಲಿ ಹಿಡಿಸದ ಪುಟಗಳನ್ನು (ಮೆಮೊರಿಯ ನಿಗದಿತ ಗಾತ್ರದ ತುಂಡುಗಳನ್ನು) ಹೊರಗಿನ ಸಂಗ್ರಹಕ್ಕೆ ಸರಿಸುತ್ತಿತ್ತು. 1972ರಲ್ಲಿ ಬಂದ ವಿಎಂ/370 ಇದರ ಮುಂದುವರಿಕೆ. ಇಂದಿನ ಮೇನ್‌ಫ್ರೇಮ್ ಹೈಪರ್‌ವೈಸರ್ ಜೆಡ್/ವಿಎಂ ಅದೇ ವಂಶದ್ದು.

ಲಿನಕ್ಸ್‌ನ ಪ್ರವೇಶ

ಎಸ್/390 ಮೇನ್‌ಫ್ರೇಮ್‌ಗಾಗಿ ಲಿನಕ್ಸ್ ಕರ್ನೆಲ್‌ನ ಮಾರ್ಪಾಡುಗಳನ್ನು ಐಬಿಎಂ 1999ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಮರುವರ್ಷ ಡೇವಿಡ್ ಬಾಯ್ಸ್ ಎಂಬವರು ಒಂದೇ ಯಂತ್ರದಲ್ಲಿ 41,400 ಲಿನಕ್ಸ್ ಪ್ರತಿಗಳನ್ನು ನಡೆಸಿ ತೋರಿಸಿದರು. ಅವು ಪುಟ್ಟ ಪ್ರತಿಗಳು. ಡೇಟಾಬೇಸ್‌ನ ಸಂಗತಿ ಬೇರೆ. 31 ಬಿಟ್ ವಿಳಾಸದ ಮಿತಿಯಿಂದ ಒಂದು ಪ್ರೋಗ್ರಾಮಿಗೆ 2 ಜಿಬಿಗಿಂತ ಹೆಚ್ಚು ಎಟುಕುತ್ತಿರಲಿಲ್ಲ. 2000ದಲ್ಲಿ ಬಂದ 64 ಬಿಟ್‌ನ ಜೆಡ್900 ಈ ತಡೆಯನ್ನು ತೆಗೆದುಹಾಕಿತು. ಮುಂದೆ ಒರಾಕಲ್‌ನಂಥ ದೊಡ್ಡ ಡೇಟಾಬೇಸ್‌ಗಳು ಇಲ್ಲಿ ನೆಲೆಯೂರಿದವು.

ದುಪ್ಪಟ್ಟು ಲೆಕ್ಕದ ತೊಡಕು

ಖಾಲಿ ಉಳಿದ ಮೆಮೊರಿಯನ್ನೆಲ್ಲ ಲಿನಕ್ಸ್, ಓದಿದ ಫೈಲುಗಳ ಪ್ರತಿ ಇಟ್ಟುಕೊಳ್ಳುವ ಫೈಲ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ. ಬಿಡಿ ಸರ್ವರ್‌ನಲ್ಲಿ ಇದು ಲಾಭವೇ. ಜೆಡ್/ವಿಎಂಗೆ ಮಾತ್ರ ಆ ಪುಟಗಳೆಲ್ಲ ಬಳಕೆಯಲ್ಲಿರುವಂತೆ ಕಾಣುವುದರಿಂದ, ನೆರೆಯ ಸರ್ವರ್‌ಗಳಿಗೆ ಕೊರತೆಯಾಗುತ್ತದೆ. ಡೇಟಾಬೇಸ್ ತನ್ನ ಬಫರ್‌ನಲ್ಲಿ ಇಟ್ಟುಕೊಂಡ ದತ್ತಾಂಶವೇ ಫೈಲ್ ಕ್ಯಾಶ್‌ನಲ್ಲೂ ಕುಳಿತರೆ ವ್ಯರ್ಥ ಎರಡು ಪಟ್ಟು. ಆದ್ದರಿಂದ ಸರ್ವರ್‌ನ ಗಾತ್ರವನ್ನು ಅಗತ್ಯಕ್ಕೆ ತಕ್ಕಷ್ಟಕ್ಕೇ ಇಳಿಸುವುದು, ಡೈರೆಕ್ಟ್ ಐ/ಒ ಮೂಲಕ ಫೈಲ್ ಕ್ಯಾಶ್‌ನ್ನು ಬದಿಗಿಡುವುದು, ಮೆಮೊರಿ ಸಾಲದಾಗ ಪುಟಗಳನ್ನು ಸರಿಸುವ ಸ್ವಾಪ್‌ಗೆ ಜೆಡ್/ವಿಎಂ ಮೆಮೊರಿಯಲ್ಲೇ ಒದಗಿಸುವ ವರ್ಚುವಲ್ ಡಿಸ್ಕ್ (ವಿಡಿಸ್ಕ್) ಬಳಸುವುದು ರೂಢಿಗೆ ಬಂದವು. ಮೆಮೊರಿ ಹೆಚ್ಚಿದಷ್ಟೂ ವೇಗ ಹೆಚ್ಚು ಎಂಬ ಎಣಿಕೆ ಇಲ್ಲಿ ನಡೆಯದು.

ಪುಟಪಟ್ಟಿಯ ಭಾರ

ಒರಾಕಲ್‌ನ ಹಂಚಿಕೆಯ ಮೆಮೊರಿಯಾದ ಎಸ್‌ಜಿಎ 20 ಜಿಬಿ ಇದೆ ಎಂದುಕೊಳ್ಳೋಣ. 4 ಕೆಬಿ ಗಾತ್ರದ ಪುಟಗಳಾದರೆ ಅವುಗಳ ಸಂಖ್ಯೆ 52,42,880. ಪ್ರತಿ ಪುಟ ಎಲ್ಲಿದೆ ಎಂದು ಪುಟಪಟ್ಟಿಯಲ್ಲಿ ಗುರುತಿಡುವ ನಮೂದಿಗೆ 8 ಬೈಟ್ ಬೇಕು. ಎಂದರೆ ಇಡೀ ಎಸ್‌ಜಿಎಯನ್ನು ಮುಟ್ಟುವ ಒಂದು ಪ್ರೋಸೆಸ್‌ಗೆ 40 ಎಂಬಿ ಪುಟಪಟ್ಟಿ. ಅಂಥ 500 ಪ್ರೋಸೆಸ್‌ಗಳಿದ್ದರೆ ಪಟ್ಟಿಗಳೇ ಸುಮಾರು 20 ಜಿಬಿ ನುಂಗುತ್ತವೆ. 1 ಎಂಬಿ ದೊಡ್ಡ ಪುಟಗಳಲ್ಲಿ ನಮೂದುಗಳು 20,480ಕ್ಕೆ ಇಳಿಯುತ್ತವೆ. ಯಂತ್ರಾಂಶದಲ್ಲಿ ಈ ಸೌಲಭ್ಯ 2008ರ ಜೆಡ್10ರಲ್ಲಿ ಬಂತು. ಜೆಡ್/ವಿಎಂ ಅಡಿಯ ಸರ್ವರ್‌ಗಳಿಗೆ ದೊರೆತದ್ದು 2016ರ 6.4 ಆವೃತ್ತಿಯಲ್ಲಿ. ಒರಾಕಲ್ 11ಜಿಯ ಸ್ವಯಂಚಾಲಿತ ಮೆಮೊರಿ ನಿರ್ವಹಣೆ ದೊಡ್ಡ ಪುಟಗಳೊಂದಿಗೆ ಹೊಂದುತ್ತಿರಲಿಲ್ಲ. ಹೀಗಾಗಿ ದೊಡ್ಡ ಪುಟ ಬೇಕೆಂದವರು ಎಸ್‌ಜಿಎ ಮತ್ತು ಪ್ರತಿ ಪ್ರೋಸೆಸ್‌ನ ಖಾಸಗಿ ಮೆಮೊರಿಯಾದ ಪಿಜಿಎಗಳ ಗಾತ್ರವನ್ನು ಪ್ರತ್ಯೇಕವಾಗಿ ಗೊತ್ತುಮಾಡಬೇಕಾಯಿತು.

ಬೆಂಗಳೂರಿನ ಕೊಡುಗೆ

1978ರಲ್ಲಿ ಭಾರತ ಬಿಟ್ಟಿದ್ದ ಐಬಿಎಂ, 1992ರಲ್ಲಿ ಟಾಟಾ ಸಹಭಾಗಿತ್ವದಲ್ಲಿ ಮರಳಿತು. ಅದರ ಬೆಂಗಳೂರಿನ ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿದ್ದ ಬಲಬೀರ್ ಸಿಂಗ್ ಮತ್ತು ಸಂಗಡಿಗರು 2007ರಲ್ಲಿ ರೂಪಿಸಿದ ಮೆಮೊರಿ ನಿಯಂತ್ರಕ, 2008ರ ಏಪ್ರಿಲ್‌ನಲ್ಲಿ ಕರ್ನೆಲ್ 2.6.25ರ ಭಾಗವಾಯಿತು. ಒಂದು ಪ್ರೋಸೆಸ್ ಗುಂಪು ಬಳಸುವ ಮೆಮೊರಿಗೆ, ಫೈಲ್ ಕ್ಯಾಶ್‌ನ್ನೂ ಸೇರಿಸಿ, ಮಿತಿ ಹಾಕಲು ಅದು ಅವಕಾಶ ಕೊಟ್ಟಿತು. ದೊಡ್ಡ ಪುಟಗಳು ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಐಬಿಎಂನವರೇ ಆದ ಅನೀಶ್ ಕುಮಾರ್ 2012ರಲ್ಲಿ ಅವುಗಳಿಗೆ ಬೇರೆ ನಿಯಂತ್ರಕ ಬರೆದರು. ಇವೆರಡೂ ಮೇನ್‌ಫ್ರೇಮ್‌ಗೆಂದೇ ಹುಟ್ಟಿದವಲ್ಲ. ಆದರೆ 2015ರಲ್ಲಿ, ಲಿನಕ್ಸ್‌ಗೆಂದೇ ರೂಪಿಸಿದ ಲಿನಕ್ಸ್‌ವನ್ ಮೇನ್‌ಫ್ರೇಮ್‌ಗಳಲ್ಲಿ ಲಿನಕ್ಸ್ ಕರ್ನೆಲ್‌ನದೇ ಹೈಪರ್‌ವೈಸರ್ ಆದ ಕೆವಿಎಂ ಕೂಡ ಬಳಕೆಗೆ ಬಂದಾಗ ಇಡೀ ವರ್ಚುವಲ್ ಸರ್ವರ್ ಲಿನಕ್ಸ್‌ನ ಒಂದು ಪ್ರೋಸೆಸ್ ಆಯಿತು. ಜೆಡ್/ವಿಎಂ ಹಾಕುತ್ತಿದ್ದ ಮಿತಿಯನ್ನು ಅಲ್ಲಿ ಈ ನಿಯಂತ್ರಕಗಳಿಂದಲೇ ಹಾಕಬಹುದಾಗಿದೆ.