ಪ್ರಜ್ಞೆ
ಸಂಸ್ಕೃತದ ‘ಜ್ಞಾ’ ಧಾತುವಿಗೆ ‘ಪ್ರ’ ಸೇರಿ ಹುಟ್ಟಿದ ಪದ. ಬೌದ್ಧರಿಗೆ ಇದು ಧ್ಯಾನದಿಂದ ಪಕ್ವವಾಗುವ ವಿವೇಕ. ಮಾಂಡೂಕ್ಯ ಉಪನಿಷತ್ತು ಕನಸೂ ಇಲ್ಲದ ಗಾಢನಿದ್ರೆಯಲ್ಲಿರುವ ಆತ್ಮವನ್ನೇ ‘ಪ್ರಾಜ್ಞ’ ಎಂದು ಕರೆಯುತ್ತದೆ! ಕನ್ನಡದಲ್ಲಿ ಸಮಯಪ್ರಜ್ಞೆ, ಪಾಪಪ್ರಜ್ಞೆ ಎಂದೆಲ್ಲ ಹರಡಿಕೊಂಡ ಪದ, ಆಸ್ಪತ್ರೆಯಲ್ಲಿ ‘ಪ್ರಜ್ಞೆ ಬಂತಾ?’ ಎಂಬ ಆತಂಕದ ಪ್ರಶ್ನೆಯಾಗುತ್ತದೆ. ಪ್ರಜ್ಞೆಯ ಮಟ್ಟ ಅಳೆಯಲು 1974ರಲ್ಲಿ ಬಂದ ಗ್ಲಾಸ್ಗೋ ಕೋಮಾ ಮಾಪಕ ಕಣ್ಣು, ಮಾತು, ಚಲನೆಗಳನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತದೆ. ಅದು ಅಳೆಯುವುದು ಹೊರಗೆ ಕಾಣುವುದನ್ನು ಮಾತ್ರ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನರವಿಜ್ಞಾನಿ ಏಡ್ರಿಯನ್ ಓವನ್ ತಂಡ, ಅಪಘಾತದ ನಂತರ ಮಾತಿಗೆ ಓಗೊಡದೆ ಮಲಗಿದ್ದ ಯುವತಿಗೆ ಟೆನಿಸ್ ಆಡುವುದನ್ನು ಕಲ್ಪಿಸಿಕೊಳ್ಳಲು ಹೇಳಿತು. ಸ್ಕ್ಯಾನಿನಲ್ಲಿ ಆಕೆಯ ಮಿದುಳು ಆರೋಗ್ಯವಂತರ ಮಿದುಳಿನಂತೆಯೇ ಸ್ಪಂದಿಸಿತು. ಇಂಥವರ ಬಗ್ಗೆ ‘ಪ್ರತಿಕ್ರಿಯೆ ಕಾಣುತ್ತಿಲ್ಲ’ ಎನ್ನುವುದೇ ಸರಿ. ‘ಪ್ರಜ್ಞೆಯಿಲ್ಲ’ ಎನ್ನಲು ಇನ್ನಷ್ಟು ಪರೀಕ್ಷೆ ಬೇಕು.